ಟಿವಿಯ ಗಂಡನಿಂದ ಸೋಡಚೀಟಿ

ಟಿವಿಯಲ್ಲಿ ಹೆಸರು ಮಾಡಿದ ಹೆಣ್ಣನ್ನು ಲಗ್ನವಾದವನಿಗೆ ಪೇಚಾಟ ತಪ್ಪುವುದಿಲ್ಲ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಮೊನ್ನೆ ಕೂಡ ಇಂಡಿ ಪಟ್ಟಣದಲ್ಲಿರುವ ನನ್ನ ಬೀಜ-ಗೊಬ್ಬರದ ಅಂಗಡಿಗೆ ಬಂದ ರೈತನೊಬ್ಬ ತೊಗರಿ ಬೀಜ ಕೇಳುವುದು ಬಿಟ್ಟು, "ನೀವು ಆ ಟಿವಿ ಬಾಯಾರಿಗೆ ಎಷ್ಟನೇ ಗಂಡರಿ?" ಎಂದು ಕೇಳಿದ. "ಖರೇದಾವ," ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ನನ್ನ ಹೆಂಡತಿ ತೊಂಬತ್ತರ ದಶಕದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಒಂದು ಧಾರಾವಾಹಿಯ ನಾಯಕಿ. ಟಿವಿ ಇದ್ದವರ ಪಡಸಾಲೆಯಲ್ಲಿ ಆ ಹೊತ್ತಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಥೆಯಲ್ಲಿ ಆಕೆಗೆ ಎರಡು ಮದುವೆ. ಮೊದಲನೆಯ ಗಂಡ ಹಾವು ಕಚ್ಚಿ ಸತ್ತ. ಎರಡನೆಯವನು ಸಾಯಲಿಲ್ಲ. ನನ್ನ ಲಗ್ನಕ್ಕೆ ಕಲ್ಲು ಬಿದ್ದದ್ದು ಅವನಿಂದಲೇ.

ಹೆಣ್ಣು ನೋಡಿದ್ದು

ಮುದ್ದೇಬಿಹಾಳಕ್ಕೆ ಹೆಣ್ಣು ನೋಡಲು ಹೋದಾಗ ಅವರ ಮನೆಯ ಮುಂದೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ವರನನ್ನು ನೋಡಲು ಬಂದಿದ್ದಾರೆಂದು ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ. ಅವರು ಬಂದದ್ದು ಹುಡುಗಿಗೆ ಧೈರ್ಯ ಹೇಳಲು. ಹಿಂದಿನ ವಾರವಷ್ಟೇ ಟಿವಿಯ ಅತ್ತೆ ಆಕೆಯನ್ನು ಮನೆಯಿಂದ ಹೊರಗೆ ಹಾಕಿದ್ದಳು.

ಹುಡುಗಿ ಬಂದು ಚಹಾ ಕೊಟ್ಟು ಕುಳಿತಳು. ಪ್ರಶ್ನೆ ಕೇಳುವ ಅಧಿಕಾರ ನಮ್ಮ ಕಾಕಾನದು. ಅಡುಗೆ ಬರುತ್ತದೋ, ಎಷ್ಟು ಓದಿದ್ದಿ ಎಂದು ಕೇಳಬೇಕಾದವನು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದ, "ತಂಗೀ, ಬರೂ ವಾರ ಏನಾಕ್ಕೈತಿ?"

"ಹೇಳೂಹಂಗಿಲ್ರಿ ಕಾಕಾ. ಮಾತು ಕೊಟ್ಟೇನಿ."

"ಗಂಡ ಕರಕೊಂಡು ಹೋಗಾಕ ಬರ್ತಾನೋ ಇಲ್ಲೋ, ಅಷ್ಟರ ಹೇಳು."

"ಇಲ್ರಿ. ಹೇಳಂಗಿಲ್ಲ."

ಕಾಕಾ ಹೊರಗೆ ಬಂದವನೇ ನಮ್ಮಪ್ಪನ ಹೆಗಲ ಮೇಲೆ ಕೈಹಾಕಿ, "ಮನಿ ಮಾತು ಹೊರಗ ಹಾಕೂ ಹುಡುಗಿ ಅಲ್ಲ. ಹೂಂ ಅಂದುಬಿಡು," ಎಂದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವುದೂ ಬೇಕಿರಲಿಲ್ಲ, ಆಕೆ ಚಹಾ ಕೊಟ್ಟಾಗಲೇ ನಾನು ಹೂಂ ಅಂದಾಗಿತ್ತು.

ಸಿಂದಗಿ ಬಸ್ಸು

ನಿಶ್ಚಯವಾದ ಮೇಲೆ ಸೀರೆ ತೆಗೆಯಲು ಆಕೆ, ಆಕೆಯ ತಾಯಿ ಮತ್ತು ನಾನು ಸಿಂದಗಿ ಬಸ್ಸು ಹತ್ತಿದೆವು. ಜನ ಎದ್ದು ಅವರಿಬ್ಬರಿಗೂ ಜಾಗ ಕೊಟ್ಟರು. ನಾನು ಪಕ್ಕದಲ್ಲಿ ನಿಂತು, ಬಿಸಿಲು ಬಹಳ ಎಂಬಂಥ ಮಾತಾಡುತ್ತಿದ್ದೆ.

ಮುಂದಿನ ಸೀಟಿನ ದೊಡ್ಡ ರುಮಾಲಿನವನು ತಿರುಗಿ ನೋಡಿದ. "ಏ ತಮ್ಮಾ, ಅಕೀ ಒಬ್ಬಗ ಮಣ್ಣು ಕೊಟ್ಟು, ಇನ್ನೊಬ್ಬನ ಮನೀ ಬಿಟ್ಟು ಬಂದಾಳ. ನಿಂದೇನ ಅಕೀ ಬೆನ್ನಹತ್ತೂದು? ಹಿಂದ ಸರಿ."

ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡೇ ನನ್ನ ತೋಳು ಹಿಡಿದ. ಇಳಿಸುತ್ತಾನೆಂದೇ ತಿಳಿದೆ. ಅಷ್ಟರಲ್ಲಿ ಆಕೆ, "ಇರ್ಲಿ ಬಿಡ್ರಿ ಅಣ್ಣಾರ. ನಾ ಇವರನ್ನ ಲಗ್ನ ಆಗಾಕತ್ತೇನಿ," ಎಂದಳು. ನನ್ನ ಜೀವಕ್ಕೆ ಜೀವ ಬಂತು.

ಹಿಂದಿನ ಸೀಟಿನಿಂದ ಮುದುಕಿಯೊಬ್ಬಳು ಉಸಿರುಬಿಟ್ಟದ್ದು ಎಲ್ಲರಿಗೂ ಕೇಳಿಸಿತು. "ಮತ್ತೊಂದಾ?"

ಆಯಿ ಒಗೆದ ಅಕ್ಕಿಕಾಳು

ಇಷ್ಟೆಲ್ಲ ಆಗುವಾಗ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ತನ್ನ ತವರು ಮನಗೂಳಿಯಲ್ಲಿದ್ದಳು. ಆಕೆ ನಮ್ಮೂರು ಹೊರ್ತಿಗೆ ಬಂದ ದಿನ ಅವ್ವ ಹುಡುಗಿಯ ಫೋಟೋ ಕೈಗೆ ಕೊಟ್ಟಳು. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, ನೆಲದ ಮೇಲೆ ಕುಳಿತೇಬಿಟ್ಟಳು.

"ಈಕಿ ಲಗ್ನಕ್ಕ ನಾ ಹೋಗಿದ್ನಲ್ಲೋ!"

ಹಿಂದಿನ ವರ್ಷ ಧಾರಾವಾಹಿಯವರು ಎರಡನೆಯ ಮದುವೆಯನ್ನು ಮನಗೂಳಿಯಲ್ಲೇ ತೆಗೆದಿದ್ದರು. ಊರವರನ್ನೆಲ್ಲ ಬೀಗರಾಗಿ ಕೂರಿಸಿ ಕೈಗೆ ಅಕ್ಷತೆ ಕೊಟ್ಟಿದ್ದರು. ಊಟವೂ ಇತ್ತು. ಲಗ್ನ ಮಾಡಿಸುವ ಊರ ಐನಾರು ಅರ್ಧಮರ್ಧ ಮಂತ್ರ ತಮಗಾಗದೆಂದು ಹಟ ಹಿಡಿದು ಪೂರ್ತಿ ಹೇಳಿದ್ದರು.

"ಆಯಿ, ಅದು ನಾಟಕ," ಎಂದೆ.

"ನಾಟಕ ಅಂತ ನನಗ ತಿಳೀತೈತಿ. ನಾ ಏನ್ ಹುಚ್ಚಿ ಅಲ್ಲ. ಆದ್ರ ಐನಾರು ಖರೇದಾವ್ರು, ಮಂತ್ರ ಖರೇವು, ಅಕ್ಕಿಕಾಳು ನನ್ನ ಕೈಯಾಗಿಂದು. ನೂರು ವರ್ಷ ಬಾಳ್ರೆವಾ ಅಂತ ಈ ಬಾಯಿಲೆ ಹರಸೇನಿ. ಈಗ ಅಕಿನ್ನ ನನ್ನ ಮೊಮ್ಮಗಗ ಹೆಂಗ ತರಲಿ?"

"ಅದಕ್ಕೂ ಮೊದಲು ಇನ್ನೊಂದು ಲಗ್ನ ಆಗಿತ್ತಲ್ಲ," ಎಂದು ಅಪ್ಪ ಬಾಯಿ ಹಾಕಿದ.

"ಅವ ಸತ್ತ. ತಂಟೆ ಇಲ್ಲ. ಇವ ಅದಾನ. ಹಿರಿಯರ ಮುಂದ ಬಂದು ಇವ ಸೋಡಚೀಟಿ ಕೊಡಲಿ. ಆಮ್ಯಾಲ ನನ್ನ ಮೊಮ್ಮಗನ ಲಗ್ನ."

ಸೋಡಚೀಟಿ ಎಂದರೆ ಗಂಡ ಹಿರಿಯರ ಸಮಕ್ಷಮ ಹೆಂಡತಿಯನ್ನು ಬಿಟ್ಟುಕೊಡುವುದು. ಆಯಿ ಒಲ್ಲೆ ಎಂದ ಮೇಲೆ ನಮ್ಮ ಮನೆಯಲ್ಲಿ ಚಪ್ಪರದ ಕಂಬ ಏಳುವಂತಿರಲಿಲ್ಲ. ನಾನು ತಲೆ ಮೇಲೆ ಕೈಹೊತ್ತು ಕುಳಿತೆ.

ಬಟ್ಟೆ ಅಂಗಡಿಯ ಗಂಡ

ಎರಡನೆಯ ಗಂಡನ ಪಾತ್ರ ಮಾಡಿದವನು ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಮೀಸೆ ಚೆನ್ನಾಗಿತ್ತೆಂದು ಧಾರಾವಾಹಿಯವರು ಆರಿಸಿಕೊಂಡಿದ್ದರಂತೆ. ನಾನು ಹೋದಾಗ ಕುಪ್ಪಸದ ಬಟ್ಟೆ ಹರಿಯುತ್ತಿದ್ದ.

"ನೀವು ನಿಮ್ಮ ಹೆಂಡ್ತಿನ್ನ ಬಿಡಬೇಕಾಗೇತ್ರಿ," ಎಂದೆ. ಅವನ ಕೈಯ ಬಟ್ಟೆ ಸೊಟ್ಟ ಹರಿಯಿತು. ಪೂರ್ತಿ ಹೇಳಿದ ಮೇಲೆ ನಕ್ಕು ಚಹಾ ತರಿಸಿದ.

"ಅದಕ್ಕೇನಂತ? ಬಂದು ಬಿಡ್ತೇನಿ. ಡೈಲಾಗ್ ಏನೈತಿ?"

"ಬಿಟ್ಟೆ ಅಂದ್ರ ಸಾಕ್ರಿ."

ಅವನ ಮುಖ ಸಣ್ಣದಾಯಿತು. "ಬರೇ ಬಿಟ್ಟೆ ಅಂದ್ರ ಅದೆಂಥಾ ಸೀನ್ರಿ? ಇರ್ಲಿ, ನಾ ನೋಡ್ಕೋತೀನಿ."

ಆ ಮಾತಿಗೆ ಆಗಲೇ ಹೆದರಬೇಕಿತ್ತು. ನಾನು ಖುಷಿಯಾಗಿ ಚಹಾ ಕುಡಿದು ಬಂದೆ.

ಹಿರಿಯರ ಮುಂದೆ

ಹೊರ್ತಿಯ ನಮ್ಮ ಅಂಗಳದಲ್ಲಿ ಹಿರಿಯರು ಜಮಖಾನದ ಮೇಲೆ ಕುಳಿತರು. ಹುಡುಗಿಯ ಕಡೆಯವರೂ ಬಂದರು. ಬಾಗೇವಾಡಿಯವನು ತಲೆಗೆ ಜರಿ ಅಂಚಿನ ಪಟಕಾ ಸುತ್ತಿಕೊಂಡು ಜೀಪಿನಿಂದ ಇಳಿದ. ಆಟ ನೋಡಲೆಂದು ಅವನ ಹೆಂಡತಿಯೂ ಬಂದು ಹೆಂಗಸರ ನಡುವೆ ಕುಳಿತಳು.

"ಬಿಟ್ಟೆ ಅನ್ನಪಾ," ಎಂದರು ಹಿರಿಯರು.

ಅವನು ನಡುವೆ ಬಂದು ನಿಂತ. ಸುತ್ತ ನೆರೆದ ಜನವನ್ನು ನೋಡಿದ. ಅಷ್ಟು ಮಂದಿಯನ್ನು ಕಂಡು ಒಳಗಿನ ನಟ ಎದ್ದುಬಿಟ್ಟ.

"ಹಿರಿಯರ, ನನ್ನ ಅಂಗಡಿ ಕೇಳ್ರಿ, ಕೊಡ್ತೇನಿ. ಈ ಜೀವಾ ಕೇಳ್ರಿ, ಕೊಡ್ತೇನಿ. ಅಕ್ಕಿಕಾಳು ಬಿದ್ದು ನನ್ನಾಕಿ ಆದಾಕಿನ್ನ ಯಾವ ಬಾಯಿಲೆ ಬಿಡ್ಲಿ? ಅಕೀ ಇಲ್ಲದ ಮನಿಯೊಳಗ ದೀಪಾ ಯಾರು ಹಚ್ಚವ್ರು?" ಎಂದವನೇ ಮೊಣಕಾಲೂರಿ, ಪಟಕಾ ತೆಗೆದು ನೆಲದ ಮೇಲಿಟ್ಟು ಅತ್ತ. ನಿಜವಾದ ಕಣ್ಣೀರು!

ನನ್ನ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಡುಗುತ್ತಿದ್ದಳು. ಆಕೆ ನಗು ತಡೆಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಹಿರಿಯರಿಗೆ ಅದು ಅಳುವಂತೆ ಕಂಡಿತು.

"ಒಬ್ಬರ ಮ್ಯಾಲೊಬ್ಬರಿಗೆ ಜೀವಾ ಐತಿ. ಇಂಥಾ ಜೋಡಿ ಅಗಲಸೂದು ಪಾಪ," ಎಂದು ಹಿರಿಯರಲ್ಲೊಬ್ಬರು ಕಣ್ಣೊರೆಸಿಕೊಂಡರು. ಸ್ವಂತ ಕಾಕಾ ನನ್ನ ಬೆನ್ನು ಸವರಿ, "ನಿನಗ ಬ್ಯಾರೆ ಹೆಣ್ಣು ನೋಡೂಣಪಾ," ಎಂದ. ಕಣ್ಣೆದುರೇ ನನ್ನ ಲಗ್ನ ಮುರಿಯುತ್ತಿತ್ತು, ಅದಕ್ಕೆ ಇಡೀ ಊರು ಅಳುತ್ತಿತ್ತು, ಅದೂ ಅವನ ಸಲುವಾಗಿ.

ಆಗ ಹೆಂಗಸರ ನಡುವಿನಿಂದ ಅವನ ಹೆಂಡತಿ ಎದ್ದಳು. "ಸಾಕ್ ಏಳ್ರಿ. ನನಗೊಂದಿನ ಇಂಥಾ ಮಾತು ಆಡಿಲ್ಲ ನೀವು!"

ಆಯಿ ಅತ್ತ ತಿರುಗಿದಳು. "ನೀ ಯಾರವಾ?"

"ಇವರ ಹೆಂಡ್ತಿರಿ."

"ನಿಮ್ಮ ಲಗ್ನ ಯಾವಾಗ ಆತು?"

"ಭಾಳ ವರ್ಷ ಆತ್ರಿ. ಹಿರೇಮಗಾ ಹೈಸ್ಕೂಲಿಗೆ ಹೊಂಟಾನ."

ಆಯಿ ತೊಡೆ ತಟ್ಟಿದಳು. "ಅಂದ್ರ ನೀ ಇರೂವಾಗನ ಇವ ಮನಗೂಳ್ಯಾಗ ಮತ್ತೊಬ್ಬಾಕಿಗೆ ತಾಳಿ ಕಟ್ಟಿದ! ಹೆಂಡ್ತಿ ಇರೂವಾಗ ಎರಡನೇ ಲಗ್ನ ಕಾಯ್ದೇಕ್ಕ ನಿಲ್ಲೂದಿಲ್ಲ. ಆ ಲಗ್ನ ಲಗ್ನನ ಅಲ್ಲ. ಆಗದ ಲಗ್ನಕ್ಕ ಸೋಡಚೀಟಿ ಯಾಕ?"

"ಮತ್ತ ನಿನ್ನ ಅಕ್ಕಿಕಾಳು?" ಎಂದೆ, ಹೆದರುತ್ತಲೇ.

"ಗುಬ್ಬಿ ತಿಂದು ಹೋದ್ವು ತಿಳ್ಕೋ. ಚಪ್ಪರ ಹಾಕಸು."

ಹುಡುಗಿ ಸೆರಗು ಸರಿಸಿ ಮೊದಲ ಬಾರಿ ಎಲ್ಲರೆದುರು ನನ್ನನ್ನು ನೋಡಿ ನಕ್ಕಳು. ಬಾಗೇವಾಡಿಯವನು ಮಾತ್ರ, "ಇನ್ನೂ ಅರ್ಧ ಡೈಲಾಗ್ ಉಳದಾವ್ರಿ," ಎನ್ನುತ್ತಿದ್ದ.

ನಮ್ಮ ಲಗ್ನ

ಲಗ್ನಕ್ಕೆ ಇಂಡಿಯಿಂದ ವಿಡಿಯೊದವನನ್ನು ಕರೆಸಿದ್ದೆ. ಅರಿಷಿಣ ಹಚ್ಚುವುದು, ಸುರಗಿಯ ನೂಲು ಸುತ್ತುವುದು, ಬೀಗರು ಬರುವುದು ಎಲ್ಲವನ್ನೂ ತೆಗೆದ. ತಾಳಿ ಹಿಡಿದು ನಾನು ಆಕೆಯತ್ತ ಬಾಗಿದಾಗ ಅವನೂ ಲೈಟು ಹಿಡಿಸಿಕೊಂಡು ಹತ್ತಿರ ಬಂದ. ಆಯಿ ಎಲ್ಲಿದ್ದಳೋ, ಓಡಿಬಂದು ಕ್ಯಾಮರಾದ ಮುಂದೆ ಸೆರಗು ಹಿಡಿದುಬಿಟ್ಟಳು.

"ಬಂದ್ ಮಾಡೋ ಅದನ್ನ! ಅದರ ಮುಂದ ಕಟ್ಟಿದ್ದು ನಿಲ್ಲೂದಿಲ್ಲ!"

ಬಂದ್ ಮಾಡಿದ. ನಾನು ನೆಮ್ಮದಿಯಿಂದ ತಾಳಿ ಕಟ್ಟಿದೆ. ನಮ್ಮ ಕ್ಯಾಸೆಟ್ಟಿನಲ್ಲಿ ನಾನು ತಾಳಿ ಎತ್ತಿಕೊಳ್ಳುವುದು ಕಾಣುತ್ತದೆ, ಆಮೇಲೆ ಆಯಿಯ ಹಸಿರು ಸೆರಗು, ಆಮೇಲೆ ಪಂಗ್ತಿಯ ಊಟ. ಈಗ ಮಕ್ಕಳು, "ಅವ್ವಗ ತಾಳಿ ಕಟ್ಟೂದು ತೋರಸು," ಎಂದು ಹಟ ಹಿಡಿದರೆ ನಾನು ಸುಮ್ಮನೆ ಎದ್ದು ಬಾಗೇವಾಡಿಯವನು ತಾಳಿ ಕಟ್ಟಿದ ಧಾರಾವಾಹಿಯ ಕ್ಯಾಸೆಟ್ಟು ಹಾಕುತ್ತೇನೆ.