ಲಾಳಿಗೊಂದು ಮಗ್ಗದ ಮನೆ

ನನ್ನ ಮೊಮ್ಮಗಳಿಗೆ ಹುಚ್ಚು ಹಿಡಿದಿದೆ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಶುದ್ಧ ಸುಳ್ಳು! ಈಗ ಹಿಡಿದದ್ದಲ್ಲ ಅದು, ಹುಟ್ಟಿದಾಗಿನಿಂದಲೇ ಇದೆ. ರೆಕ್ಕೆ ಮುರಿದ ಕಾಗೆಗೆ ನನ್ನ ಎಲೆಯಡಿಕೆ ಡಬ್ಬಿಯಲ್ಲಿ ಹಾಸಿಗೆ ಹಾಸಿದವಳು, ಕುಂಟ ಕೋಳಿಗೆ ದೃಷ್ಟಿ ತೆಗೆದವಳು! ಬಿ.ಕಾಂ. ಮುಗಿಸಿದ ಮೇಲಾದರೂ ಸರಿಹೋದಾಳೆಂದು ಕಾದೆವು. ಹೋದಳೇ? ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆಶ್ರಮಕ್ಕೆ ಹೋಗಿ, ನೀಲಿ ಕಣ್ಣಿನ ಹಸ್ಕಿ ನಾಯಿಯೊಂದನ್ನು ಕರೆತಂದಳು.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಹಿಮದ ನಾಡಿನ ನಾಯಿಯೆಂದರೆ ನನಗೇನು ಗೊತ್ತು? ತೋಳವನ್ನೇ ಹಿಡಿದು ತಂದಳೆಂದುಕೊಂಡೆ.

"ಇದನ್ನ ಎರಡು ಮನೆಯವ್ರು ವಾಪಸ್ ಬಿಟ್ಟವ್ರೆ ಅಜ್ಜಿ, ಊಳಿಡುತ್ತೆ ಅಂತ. ಮುಂದಿನ ವಾರ ಆಶ್ರಮದ ಮೇಡಂ ಬಂದು ನೋಡ್ತಾರೆ. ಇಲ್ಲೂ ಊಳಿಟ್ರೆ ಕರ್ಕೊಂಡು ಹೋಗ್ಬಿಡ್ತಾರೆ" ಎಂದಳು, ಅದರ ಕುತ್ತಿಗೆಯನ್ನು ತಬ್ಬಿಕೊಂಡು.

ಅವಳಪ್ಪ, ಅಂದರೆ ನನ್ನ ಮಗ, ಮಗ್ಗದ ಕೋಣೆಯಿಂದ ಹೊರಗೆ ಬಂದ. "ಲೇ, ಇದು ಸೀರೆ ನೇಯೋ ಮನೆ ಕಣೇ! ರೇಷ್ಮೆಗೆ ಒಂದು ಕೂದಲು ಸೇರಿದ್ರೂ ನಾಯಿ ಜೊತೆ ನೀನೂ ಆಶ್ರಮಕ್ಕೆ!"

"ಅಲ್ಲಿ ಊಟ ಚೆನ್ನಾಗೈತೆ ಬಿಡಪ್ಪ!"

ಆ ನಾಯಿ ಒಂದು ಗಳಿಗೆ ನಿಂತಿದ್ದರೆ ಕೇಳಿ! ಹಿತ್ತಿಲಿಂದ ಬೀದಿಬಾಗಿಲು, ಬೀದಿಬಾಗಿಲಿಂದ ಹಿತ್ತಿಲು. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯ ಹಾಗೆಯೇ. ಅದಕ್ಕೇ ಲಾಳಿ ಎಂದು ಹೆಸರಿಟ್ಟಳು. ಬೆಳಗ್ಗೆ ಅವಳು ಅದನ್ನು ಕೆರೆ ಏರಿಯ ಮೇಲೆ ಓಡಿಸಲು ಹೋದರೆ ಹಾಲಿನವನು ನನ್ನನ್ನು ಕೂಗಿ ಕರೆದ.

"ಅಜ್ಜೀ, ನಿಮ್ಮ ಮೊಮ್ಮಗಳನ್ನ ನಾಯಿ ಎಳ್ಕೊಂಡು ಹೋಗ್ತಾ ಐತೆ!"

"ಹೋಗ್ಲಿ ಬಿಡಪ್ಪ, ತಿಂಡಿ ಹೊತ್ತಿಗೆ ವಾಪಸ್ ತಂದ್ಬಿಡುತ್ತೆ!"

ಕೂದಲಿಗೆ ಅವಳು ಕಂಡುಕೊಂಡ ಉಪಾಯ ನೋಡಿ. ಹತ್ತಿಯ ಸೀರೆಯೊಂದನ್ನು ನೀರಲ್ಲಿ ಅದ್ದಿ ಮಗ್ಗದ ಕೋಣೆಯ ಬಾಗಿಲಿಗೆ ಇಳಿಬಿಟ್ಟಳು. ಕೂದಲು ಒಳಗೆ ಹಾರಲಿಲ್ಲ, ಸೆಕೆಗೆ ಏದುಸಿರು ಬಿಡುತ್ತಿದ್ದ ಲಾಳಿಗೆ ಅದರ ಬುಡದಲ್ಲಿ ತಂಪು ಸಿಕ್ಕಿತು. ಬಿ.ಕಾಂ.ನಲ್ಲಿ ಇದನ್ನೆಲ್ಲ ಹೇಳಿಕೊಡುತ್ತಾರೆಯೇ? ಸ್ನಾನ ಮಾಡಿ ಬಂದು ಉಡಲು ನಾನು ಹುಡುಕುತ್ತಿದ್ದದ್ದು ಅದೇ ಸೀರೆ ಎಂಬುದು ಬೇರೆ ಮಾತು!

ವಾರವಿಡೀ ಲಾಳಿ ಒಂದು ಸಲವೂ ಊಳಿಡಲಿಲ್ಲ. ದೊಡ್ಡಬಳ್ಳಾಪುರದಲ್ಲಿ ವಾರವಿಡೀ ಕರೆಂಟೂ ಹೋಗಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆಯೆಂದು ನಮಗೆ ಹೊಳೆಯಬೇಕಲ್ಲ!

ಮೇಡಂ ಬಂದರು. ಲಾಳಿ ಕಾಲು ಚಾಚಿ ಮಲಗಿತ್ತು. "ಊಳಿಡಲ್ವಾ?" ಎಂದು ಕೂಗಿ ಕೇಳಿದರು. ಕರೆಂಟಿನ ಮಗ್ಗ ಓಡುವ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು.

"ಒಂದಿನಾನೂ ಇಲ್ಲ ಕಣಮ್ಮಾ!" ಎಂದು ನಾನೂ ಕೂಗಿದೆ.

ಆಗಲೇ ಕರೆಂಟ್ ಹೋಗಬೇಕೇ! ಮಗ್ಗಗಳು ನಿಂತವು. ಬೀದಿಗೆ ಬೀದಿಯೇ ಸ್ತಬ್ಧ. ಲಾಳಿ ದಿಗ್ಗನೆದ್ದು ಸುತ್ತಲೂ ನೋಡಿ, ಮೂತಿ ಮೇಲೆತ್ತಿ, "ಊ..." ಎಂದಿತು. ಅದೆಂಥ ಊಳು! ಹೋದವರು ಯಾರೆಂದು ಕೇಳಲು ಎದುರು ಮನೆಯವರು ಓಡಿ ಬಂದರು! ಮೇಡಂ ಕಾಫಿ ಲೋಟ ಕೆಳಗಿಟ್ಟರು.

ಮಗ್ಗದ ಸದ್ದೇ ಇಷ್ಟು ದಿನ ಅದಕ್ಕೆ ಜೊತೆಯಾಗಿತ್ತು ಎಂದು ನನಗೆ ತಿಳಿದದ್ದು ಆಗ. ಮೊಮ್ಮಗಳ ಮುಖ ಬಾಡಿತ್ತು. ಅವಳು ನೆಲಕ್ಕೆ ಕುಳಿತು, ಲಾಳಿಯ ತಲೆಯನ್ನು ಎದೆಗೆಳೆದುಕೊಂಡು, ಕಿವಿಯ ಬಳಿ ಬಾಯಿಟ್ಟಳು.

"ಟಕ್ಕಟಕ, ಟಕ್ಕಟಕ, ಟಕ್ಕಟಕ..."

ಊಳು ಸಣ್ಣಗಾಯಿತು. ಕುಂಯ್ ಎಂದಿತು. ನಿಂತಿತು.

"ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು?" ಎಂದರು ಮೇಡಂ.

"ನಾನೂ ಚಿಕ್ಕೋಳಿದ್ದಾಗ ಮಗ್ಗ ನಿಂತ್ರೆ ಅಳ್ತಿದ್ದೆ ಮೇಡಂ. ನಮ್ಮಜ್ಜಿ ಹಿಂಗೇ ಮಾಡ್ತಿತ್ತು."

ಆಗ ಅವಳಿಗೆ ತೊದಲು ಮಾತೂ ಬಂದಿರಲಿಲ್ಲ. ಮಾಡಿದವಳು ನಾನೇ ಮರೆತಿದ್ದೆ. ತೊಟ್ಟಿಲಲ್ಲಿದ್ದ ಕೂಸು ಹೇಗೆ ನೆನಪಿಟ್ಟುಕೊಂಡಿತು? ಮಂಡಿ ಹಿಡಿದುಕೊಂಡು ನಾನೂ ಮೊಮ್ಮಗಳ ಪಕ್ಕ ಕುಳಿತೆ. ಲಾಳಿಯ ಇನ್ನೊಂದು ಕಿವಿಗೆ ಬಾಯಿಟ್ಟೆ. ಟಕ್ಕಟಕ, ಟಕ್ಕಟಕ...

ಮೇಡಂ ಲೋಟವನ್ನು ಮತ್ತೆ ಎತ್ತಿಕೊಂಡರು. "ಕಾಫಿ ಕುಡಿದು ನಾನೊಬ್ಬಳೇ ಹೊರಡ್ತೀನಿ ಅಜ್ಜಿ" ಎಂದರು.

ಕರೆಂಟ್ ಯಾವಾಗ ಬಂತೋ, ನಮಗಿಬ್ಬರಿಗೂ ತಿಳಿಯಲೇ ಇಲ್ಲ.