ಸ್ಕೂಟರಿಗೆ ಕಪ್ಪಂಗಿ, ಹೆಗಲಿಗೊಂದು ಕೈ

ನಾನು ಕೈ ಹಾಕಿದ ಕೆಲಸ ನೆಟ್ಟಗೆ ಮುಗಿದದ್ದನ್ನು ಅಮೆರಿಕದ ನಮ್ಮ ಈ ಊರು, ಈಸ್ಟ್ ಬ್ರನ್ಸ್‌ವಿಕ್, ಇನ್ನೂ ನೋಡಿಲ್ಲ. ನಲ್ಲಿ ರಿಪೇರಿ ಮಾಡಿದರೆ ಬೇಸ್‌ಮೆಂಟ್ ಒದ್ದೆಯಾಗುತ್ತದೆ, ಹುಲ್ಲು ಕತ್ತರಿಸಿದರೆ ಪಕ್ಕದ ಮನೆಯ ಹೂಗಿಡ ಹೋಗುತ್ತದೆ. ಆದರೂ ಈ ಬೇಸಿಗೆಯಲ್ಲಿ ಸ್ಕೂಟರಿಗೆ ಕೈ ಹಾಕಿದ್ದಕ್ಕೆ ಕಾರಣವಿತ್ತು.

ಮದುವೆಯಾದ ಹೊಸದರಲ್ಲಿ ಮೈಸೂರಿನಲ್ಲಿ ನಮಗೊಂದು ಸ್ಕೂಟರ್ ಇತ್ತು. ಹೆಂಡತಿ ಒಂದೇ ಕಡೆಗೆ ಕಾಲು ಇಳಿಬಿಟ್ಟು ಹಿಂದೆ ಕೂರುತ್ತಿದ್ದಳು, ನನ್ನ ಹೆಗಲ ಮೇಲೆ ಕೈ ಇಡುತ್ತಿದ್ದಳು, ಮನೆಯಿಂದ ಮಾರ್ಕೆಟ್ಟಿನವರೆಗೂ ಕಿವಿಯ ಹತ್ತಿರ ಮಾತಾಡುತ್ತಿದ್ದಳು. ಈಗ ಅವಳಿಗೊಂದು ಕಾರು, ನನಗೊಂದು ಕಾರು. ಕೆಲಸಕ್ಕೆ ಅವಳು ವೆಸ್ಟ್ ವಿಂಡ್ಸರ್‌ಗೆ ಡ್ರೈವ್ ಮಾಡುತ್ತಾಳೆ, ನಾನು ಜರ್ಸಿ ಸಿಟಿಗೆ ಕಮ್ಯೂಟ್ ಮಾಡುತ್ತೇನೆ. ಭಾನುವಾರ ಒಂದೇ ಕಾರಿನಲ್ಲಿ ಕೂತರೂ ನಡುವೆ ಎರಡು ಕಪ್ ಹೋಲ್ಡರ್, ಮಾತಾಡುವವಳು ದಾರಿ ಹೇಳುವ ಜಿಪಿಎಸ್ ಹೆಂಗಸು. ಆ ಕೈ ನನ್ನ ಹೆಗಲ ಮೇಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇನ್ನೊಂದು ಸಲ ಬರಲಿ ಅಂತ ಆಸೆ, ಬೇರೇನಿಲ್ಲ.

ಮೋಟಾರ್‌ಸೈಕಲ್ ಲೈಸೆನ್ಸ್ ಮಾಡಿಸಿಕೊಂಡೆ. ಗ್ಯಾರೇಜ್ ಖಾಲಿ ಮಾಡುತ್ತಿದ್ದ ಯಾರೋ ಒಬ್ಬರಿಂದ ಹಳೆಯ ಸ್ಕೂಟರ್ ತಂದೆ. ಒಂದು ಕಾಲಕ್ಕೆ ಕೆಂಪಗಿದ್ದದ್ದು ಬಿಸಿಲಿಗೆ ಕೆಮ್ಮಿನ ಸಿರಪ್ಪಿನ ಬಣ್ಣಕ್ಕೆ ಇಳಿದಿತ್ತು.

"ಇದರ ಮೇಲೆ ನಾನು ಕೂರಲ್ಲ ಕಣ್ರೀ," ಅಂದಳು ಹೆಂಡತಿ.

"ಬಣ್ಣ ಸರಿ ಮಾಡಿದರೆ?"

"ಆಮೇಲೆ ನೋಡೋಣ."

ಹೆಣ್ಣು ನೋಡಲು ಹೋದಾಗ ನನ್ನ ವಿಷಯದಲ್ಲೂ ಅವಳು ಹೇಳಿದ್ದು ಇಷ್ಟೇ. ಹಾಗಾಗಿ ಧೈರ್ಯ ಬಂತು. ಕಾರ್ಬನ್ ನೇಯ್ಗೆಯ ಹಾಗೆ ಕಾಣುವ ಕಪ್ಪು ವಿನೈಲ್ ಹಾಳೆಯ ಒಂದು ಸುರುಳಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ.

೧. ಹೇರ್ ಡ್ರೈಯರ್

ವಿನೈಲ್ ಅಂಟಿಸಬೇಕಾದರೆ ಬಿಸಿ ಮಾಡಬೇಕು, ಆಗ ಅದು ಮೆತ್ತಗಾಗಿ ಬಾಗುತ್ತದೆ. ಅದಕ್ಕೆ ಹೀಟ್ ಗನ್ ಅಂತ ಬೇರೆ ಬರುತ್ತದಂತೆ. ಮನೆಯಲ್ಲಿ ಹೇರ್ ಡ್ರೈಯರ್ ಇರುವಾಗ ಅದೊಂದು ಯಾಕೆ ಅಂತ ನಾನು ಹೆಂಡತಿಯದನ್ನೇ ಗ್ಯಾರೇಜಿಗೆ ಒಯ್ದೆ. ಶನಿವಾರವಿಡೀ ಕೆಲಸ ಮಾಡಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.

ಮರುದಿನ ಅವಳು ಅದರಲ್ಲೇ ತಲೆ ಒಣಗಿಸಿಕೊಂಡು ಸ್ನೇಹಿತೆಯೊಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಳು. ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು:

"ನನ್ನ ಡ್ರೈಯರ್ ಯಾರು ಮುಟ್ಟಿದ್ದು?"

"ಯಾಕೆ, ಏನಾಯ್ತು?"

"ಅಲ್ಲಿ ಮೂರು ಜನ ಆಂಟಿಯರು ನನ್ನ ಪಕ್ಕ ಬಂದು ನಿಂತು, ಮೂಸಿ ನೋಡಿ, ನಿಮ್ಮನೇಲಿ ಹೊಸ ಫ್ಲೋರಿಂಗ್ ಹಾಕಿಸಿದ್ರಾ ಅಂತ ಕೇಳಿದ್ರು."

೨. ಮುಖವಿಲ್ಲದ ಕಾರ್ಡು

ಹಾಳೆ ಅಂಟಿಸಿದ ಮೇಲೆ ಒಳಗಿನ ಗಾಳಿಗುಳ್ಳೆಗಳನ್ನು ಗಟ್ಟಿಯಾದ ಒಂದು ಪಟ್ಟಿಯಿಂದ ಅಂಚಿಗೆ ತಳ್ಳಬೇಕು. ಕೈಗೆ ಸಿಕ್ಕಿದ್ದು ಆಫೀಸಿನ ಐಡಿ ಕಾರ್ಡು. ಅಳತೆ ಸರಿಯಾಗಿತ್ತು, ಅಂಚೂ ಚೆನ್ನಾಗಿತ್ತು. ಎರಡು ಶನಿವಾರ ಅದರಲ್ಲೇ ಉಜ್ಜಿದೆ.

ಸೋಮವಾರ ಜರ್ಸಿ ಸಿಟಿಯಲ್ಲಿ ಗೇಟು ತೆರೆಯಲಿಲ್ಲ. ಸೆಕ್ಯುರಿಟಿಯವನು ಕಾರ್ಡು ತೆಗೆದುಕೊಂಡು ನೋಡಿದ, ತಿರುಗಿಸಿ ನೋಡಿದ. ಹೆಸರು ಅರ್ಧ ಇತ್ತು, ಫೋಟೋದಲ್ಲಿ ಬರೀ ಕಿವಿಗಳು ಉಳಿದಿದ್ದವು.

"ಸರ್, ಇದರಲ್ಲಿ ನೀವು ಕಾಣ್ತಾನೇ ಇಲ್ಲವಲ್ಲ," ಅಂದ.

ಸ್ಕೂಟರ್, ವಿನೈಲ್, ಗಾಳಿಗುಳ್ಳೆ ಎಲ್ಲ ವಿವರಿಸಿದೆ. ಯಾಕಾಗಿ ಅಂತ ಕೇಳಿದ. ಹೆಂಡತಿ ಹಿಂದೆ ಕೂರಲಿ ಅಂತ, ಅಂದೆ. ಅವನು ಹೊಸ ಕಾರ್ಡಿನ ಫಾರ್ಮ್ ಕೊಟ್ಟು ಹೇಳಿದ, "ಅವರು ಹಿಂದೆ ಕೂತ ಮೇಲೆ ಫೋಟೋ ತೆಗೆಸಿ. ಈಗ ಬಹಳ ಸುಸ್ತಾಗಿ ಕಾಣ್ತೀರಿ."

೩. ಮೇಲಿನ ಪ್ಲಾಸ್ಟಿಕ್

ಎರಡು ಪಕ್ಕದ ಚಪ್ಪಟೆ ಭಾಗಗಳು ಹೇಗೋ ಆದವು. ಮುಂದಿನ ಮಡ್‌ಗಾರ್ಡಿನ ತಿರುವು ಮಾತ್ರ ನನ್ನನ್ನು ಅಳಿಸಿಬಿಟ್ಟಿತು. ಎಷ್ಟು ಬಿಸಿ ಮಾಡಿದರೂ ಹಾಳೆ ಬಾಗದು, ನೆರಿಗೆ ಬೀಳುವುದು. ನಾಲ್ಕು ಶನಿವಾರ ಅಂಟಿಸಿದೆ, ಕಿತ್ತೆ. ಇದು ಮುಗಿಯುವುದಿಲ್ಲ, ಅವಳು ಕೂರುವುದೂ ಇಲ್ಲ ಅಂತ ಒಂದು ಸಂಜೆ ಗ್ಯಾರೇಜಿನ ಮೆಟ್ಟಿಲ ಮೇಲೆ ನಿಜಕ್ಕೂ ಬೇಜಾರಾಗಿ ಕೂತೆ.

ಕಾಲೇಜಿನಿಂದ ಬಂದಿದ್ದ ಮಗಳು ಬಗ್ಗಿ ನೋಡಿದಳು. "ಅಪ್ಪ, ಯು ನೆವರ್ ಪೀಲ್ಡ್ ದ ಟಾಪ್ ಫಿಲ್ಮ್?"

ವಿನೈಲ್ ಮೇಲೆ ಗೀರು ಬೀಳದಿರಲಿ ಅಂತ ಕಂಪನಿಯವರು ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಕಿ ಕಳಿಸಿದ್ದರು. ನನಗೆ ಗೊತ್ತಿತ್ತು. ಬೇಕೆಂದೇ ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಮೈಕ್ರೋವೇವ್ ಗುಂಡಿಗಳ ಮೇಲಿನ ಪ್ಲಾಸ್ಟಿಕ್ ಇನ್ನೂ ಇದೆ, ಟಿವಿ ರಿಮೋಟಿನ ಕವರ್ ಇದೆ, ಫ್ರಿಜ್ ಹಿಡಿಯ ಮೇಲಿನದು ಮಗಳು ಹುಟ್ಟಿದಾಗಿನಿಂದ ಇದೆ. ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆಯುವುದು ನಮ್ಮ ವಂಶದಲ್ಲೇ ಇಲ್ಲ.

ಮಗಳು ಸರ್ರನೆ ಎಳೆದಳು. ಕೆಳಗಿನ ವಿನೈಲ್ ಬಿಸಿ ತಾಗಿದ್ದೇ ತಡ ಚಪಾತಿ ಹಿಟ್ಟಿನ ಹಾಗೆ ಹೇಳಿದ ಮಾತು ಕೇಳಿತು. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಕರ್ರಗೆ ಮಿನುಗುವ ಸ್ಕೂಟರನ್ನು ನೋಡಲು ಹೆಂಡತಿ ಬಂದಳು. ನನ್ನ ದಡ್ಡತನಕ್ಕೆ ನಗುತ್ತಾಳೆ ಅಂದುಕೊಂಡೆ. ಅವಳು ನೆಲದ ಮೇಲಿದ್ದ ಪ್ಲಾಸ್ಟಿಕ್ ಎತ್ತಿಕೊಂಡು ಮಗಳನ್ನು ಗದರಿದಳು:

"ಪೂರ್ತಿ ಯಾಕೆ ಕಿತ್ತೆ? ಮುಂದುಗಡೆದಾದ್ರೂ ಬಿಡಬಾರದಿತ್ತಾ, ಹೊಸದಾಗಿರ್ತಿತ್ತು."

೪. ನಿಂಬೆಹಣ್ಣು

"ಆಯುಧಪೂಜೆ ದಿನ ಕೂರ್ತೀನಿ," ಅಂದಿದ್ದಳು. ಆ ದಿನ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಳು. ಡ್ರೈವ್‌ವೇನಲ್ಲಿ ಸ್ಕೂಟರಿಗೆ ಕುಂಕುಮ ಇಟ್ಟು, ಆರತಿ ಎತ್ತಿ, ಎರಡು ಚಕ್ರದಡಿಗೂ ಒಂದೊಂದು ನಿಂಬೆಹಣ್ಣು ಇಟ್ಟೆವು.

ನಾನು ಸ್ಟಾರ್ಟ್ ಮಾಡುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಅಮೆರಿಕನ್ ಯಜಮಾನರು ಕೈ ಬೀಸುತ್ತ ಓಡಿಬಂದರು. "ತಡೀರಿ, ಚಕ್ರದ ಕೆಳಗೆ ಹಣ್ಣು ಬಿದ್ದಿದೆ." ಬಗ್ಗಿ ಎರಡನ್ನೂ ತೆಗೆದು, ಅಂಗಿಗೆ ಒರೆಸಿ ನನ್ನ ಹೆಂಡತಿಯ ಕೈಗಿಟ್ಟರು. ಅವರು ತಿರುಗಿದ ಮೇಲೆ ಮತ್ತೆ ಇಟ್ಟೆವು. ಅವರು ತಿರುಗಿ ನೋಡಿದರು. "ಅದು ಇರಬೇಕು, ಒಳ್ಳೇದಕ್ಕೆ," ಅಂದೆ. "ಜಾರುತ್ತೆ, ಬೇಡ," ಅಂದರು. ನಾನು ಕೇಳದೆ ಹಣ್ಣಿನ ಮೇಲೆ ಹತ್ತಿಸಿದೆ.

ಹೆಂಡತಿ ಮಲ್ಲಿಗೆಯ ಮೇಲೇ ಹೆಲ್ಮೆಟ್ ಹಾಕಿಕೊಂಡು, ಮೊದಲಿನ ಹಾಗೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಳು. ಹೆಗಲ ಮೇಲೆ ಕೈ ಬಂತು. ಮೊದಲ ತಿರುವು ದಾಟುವ ಮುಂಚೆಯೇ, ಕೊತ್ತಂಬರಿ ಸೊಪ್ಪು ಎಲ್ಲಿ ಚೆನ್ನಾಗಿರುತ್ತೆ ಅಂತ ಕಿವಿಯ ಹತ್ತಿರ ಮಾತು ಶುರುವಾಯಿತು. ನನ್ನ ಕಣ್ಣು ಮಂಜಾಯಿತು. "ಹ್ಞೂಂ, ಹೇಳು," ಅಂದೆ.

ಎರಡನೇ ತಿರುವಿನಲ್ಲಿ ಪೊಲೀಸ್ ಕಾರಿನ ದೀಪ ಕಂಡಿತು. ಆಫೀಸರ್ ಮರ್ಯಾದೆಯಿಂದಲೇ ಹೇಳಿದ, ಹಿಂದೆ ಕೂರುವವರು ಎರಡೂ ಕಡೆ ಕಾಲು ಹಾಕಬೇಕು, ಹೀಗೆ ಕೂತರೆ ಹೋಗುವಂತಿಲ್ಲ. ಆ ಸೀರೆಯಲ್ಲಿ ಅದು ಸಾಧ್ಯವಿರಲಿಲ್ಲ. "ಸ್ಕೂಟರ್ ಮಾತ್ರ ಬಹಳ ಚೆನ್ನಾಗಿದೆ," ಅಂತ ಹೇಳಿ ಹೋದ.

ಇಡೀ ಬೇಸಿಗೆ ಪಟ್ಟ ಪಾಡು ಎರಡು ತಿರುವಿಗೆ ಮುಗಿಯಿತು. ನಾನು ಸ್ಕೂಟರ್ ತಳ್ಳುತ್ತ ನಡೆದೆ, ಅವಳು ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಕೈ ಮತ್ತೆ ನನ್ನ ಹೆಗಲಿಗೆ ಬಂತು.

"ಯಾಕ್ರೀ ಮುಖ ಸಪ್ಪಗೆ? ಮೈಸೂರಲ್ಲೂ ಅರ್ಧ ದಾರಿ ಹೀಗೇ ತಳ್ಕೊಂಡು ಬರ್ತಿದ್ವಲ್ಲ."

ಮನೆ ಹತ್ತಿರ ಬಂತು. ಪಕ್ಕದ ಮನೆಯ ಯಜಮಾನರು ಇನ್ನೂ ಅಲ್ಲೇ ನಿಂತಿದ್ದರು, ಕೈಯಲ್ಲಿ ಅಪ್ಪಚ್ಚಿಯಾದ ಎರಡು ನಿಂಬೆಹಣ್ಣು. ತಳ್ಳಿಕೊಂಡು ಬರುತ್ತಿದ್ದ ನಮ್ಮನ್ನು ನೋಡಿ ಬೇಸರದಿಂದ ತಲೆಯಾಡಿಸಿದರು.

"ನಾನು ಮೊದಲೇ ಹೇಳಿದ್ದೆ, ಹಣ್ಣಿನ ಮೇಲೆ ಹತ್ತಿಸಬೇಡಿ ಅಂತ."

ಹೆಂಡತಿ ಗ್ಯಾರೇಜಿನವರೆಗೂ ನಗುತ್ತಲೇ ಬಂದಳು. ಕೈ ಮಾತ್ರ ತೆಗೆಯಲಿಲ್ಲ.