ಅನಂತರಾಮಯ್ಯನವರು ಮೆಚ್ಚಿದ ಕೊನೆಯ ಕವನ

ಗೆಳೆಯ ಕವಿಯಾದರೆ ಕಷ್ಟ. ಆ ಕವಿ ಪುಸ್ತಕ ಅಚ್ಚು ಹಾಕಿಸಿ ನಿನ್ನ ಅಭಿಪ್ರಾಯ ಬೇಕು ಎಂದರೆ ಆ ಕಷ್ಟಕ್ಕೆ ಕೊಂಬು ಮೂಡಿದ ಹಾಗೆ. ಎಪ್ಪತ್ತೆಂಟನೇ ಇಸವಿಯಲ್ಲಿ ಬಟವಾಡಿಯ ಅನಂತರಾಮಯ್ಯನವರನ್ನು ಆ ಕೊಂಬು ತಿವಿಯಿತು. ಗುಬ್ಬಿಯ ಹೈಸ್ಕೂಲು ಮೇಷ್ಟ್ರು ಮುದ್ದಯ್ಯ ಅವರ ಪ್ರಾಣಮಿತ್ರ. ತನ್ನ ಮೊದಲ ಕವನ ಸಂಕಲನವನ್ನು ಕೈಗಿಟ್ಟು, ಭಾನುವಾರದ ಬಿಡುಗಡೆ ಸಮಾರಂಭದಲ್ಲಿ ನಾಲ್ಕು ಮಾತಾಡಬೇಕೆಂದು ಅಪ್ಪಣೆ ಮಾಡಿ ಹೋದ.

ಅನಂತರಾಮಯ್ಯನವರು ದಿನವೂ ಊಟವಾದ ಮೇಲೆ ಪುಸ್ತಕ ಹಿಡಿದು ಈಸಿಚೇರಿನಲ್ಲಿ ವಿರಾಜಮಾನರಾದರು. ಎರಡನೇ ಪುಟ ಮುಟ್ಟುವ ಮೊದಲೇ ಪುಸ್ತಕ ಮುಖದ ಮೇಲೆ ಕವುಚಿಕೊಳ್ಳುತ್ತಿತ್ತು. (ಅದಕ್ಕೆ ಅವರು ಕಾವ್ಯಸಮಾಧಿ ಎಂದರು, ಹೆಂಡತಿ ಅಲಮೇಲಮ್ಮ ಗೊರಕೆ ಎಂದರು.) ಆ ಮುಖದ ಮೇಲಿಂದಲೇ ಪುಸ್ತಕ ಎತ್ತಿಕೊಂಡು ಅಲಮೇಲಮ್ಮ ಎರಡು ಮಧ್ಯಾಹ್ನದಲ್ಲಿ ಪೂರ್ತಿ ಓದಿ ಮುಗಿಸಿದ್ದರು.

"ಅವರಮ್ಮನ ಮೇಲೆ ಬರ್ದಿರೋದು ಚೆನ್ನಾಗಿದೆ ಕಣ್ರೀ, ಅದನ್ನೇ ಹೇಳಿ."

"ಕಾವ್ಯ ಅಂದ್ರೆ ಒಗ್ಗರಣೆ ಅಲ್ಲ ಕಣೇ, ಘಮ ಬಂದ ತಕ್ಷಣ ಗೊತ್ತಾಗೋಕೆ."

"ಒಗ್ಗರಣೆ ಸೀದ್ರೂ ನಿಮಗೆ ಗೊತ್ತಾಗಲ್ಲ ಬಿಡಿ."

ಭಾನುವಾರ ಅಲಮೇಲಮ್ಮನ ಜೊತೆ ಗುಬ್ಬಿ ಬಸ್ಸು ಹತ್ತಿದ ಅನಂತರಾಮಯ್ಯನವರಿಗೆ ಓದಲು ಉಳಿದದ್ದು ಬಸ್ಸಿನ ದಾರಿಯಷ್ಟೇ. ಮುಂದಿನಿಂದ ಒಲಿಯದ ಪುಸ್ತಕವನ್ನು ಹಿಂದಿನಿಂದ ತೆರೆದರು. ಕೊನೆಯ ಪುಟದಲ್ಲಿತ್ತು ರತ್ನ. ಮೇಲೆ 'ತಪ್ಪು – ಒಪ್ಪು' ಎಂಬ ತಲೆಬರಹ. ಕೆಳಗೆ ಪುಟ್ಟ ಪುಟ್ಟ ಸಾಲುಗಳು: ಹೆಣ – ಹಣೆ. ಹುಣ್ಣು – ಹಣ್ಣು. ಕತ್ತೆ – ಕತ್ತಲೆ. ಮೂಢ – ಮೋಡ. ಅನಂತರಾಮಯ್ಯನವರ ಮೈ ಜುಮ್ಮೆಂದಿತು.

ವೇದಿಕೆಯ ಮೇಲೆ ಅವರು ಗಂಟಲು ಸರಿಮಾಡಿಕೊಂಡು, ಸಂಕಲನದ ಶಿಖರವೇ ಈ ಕೊನೆಯ ಕವನ ಎಂದು ಸಾರಿದರು. ಹಣೆಬರಹ ಮುಗಿದರೆ ಹೆಣ, ಹುಣ್ಣೂ ಮಾಗಿದರೆ ಹಣ್ಣು, ಕತ್ತಲೆಯಲ್ಲಿ ಎಲ್ಲರೂ ಕತ್ತೆಗಳೇ ಎಂದು ಕಾಲು ಗಂಟೆ ವೇದಾಂತ ಹರಿಸಿದರು. ಹೆಂಗಸರ ಸಾಲಿನಲ್ಲಿ ಅಲಮೇಲಮ್ಮ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದರು. ಅನಂತರಾಮಯ್ಯನವರು ರಾಗವಾಗಿ ಇನ್ನೊಮ್ಮೆ ಓದಿದರು.

ಕೂತ ಮೇಲೆ ಮುದ್ದಯ್ಯ ಕಿವಿಯ ಹತ್ತಿರ ಬಗ್ಗಿದ. "ಅದು ಅಚ್ಚಿನ ತಪ್ಪುಗಳ ಪಟ್ಟಿ ಕಣೋ."

ಭೂಮಿ ಬಾಯಿ ಬಿಡಲಿಲ್ಲ, ಕುರ್ಚಿ ಮಾತ್ರ ಕಿರುಗುಟ್ಟಿತು. ಸಭೆ ಮುಗಿದಾಗ ಮುದ್ದಯ್ಯ ಗೆಳೆಯನ ಕಡೆ ತಿರುಗದೆ ನೇರ ಅಲಮೇಲಮ್ಮನ ಬಳಿ ಹೋದ. ಅವರು ಅಮ್ಮನ ಕವನದ ಎರಡು ಸಾಲು ಬಾಯಲ್ಲೇ ಹೇಳಿ, ಮೂರನೆಯದು ಮಾತ್ರ ಸ್ವಲ್ಪ ಎಳೆದಂತಿದೆ ಎಂದರು. ಮುದ್ದಯ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮುಂದಿನ ಪುಸ್ತಕಕ್ಕೆ ನೀವೇ ಮಾತಾಡಬೇಕು ತಾಯಿ ಎಂದು ಕೈ ಮುಗಿದ.

ಅನಂತರಾಮಯ್ಯನವರು ಮೆಲ್ಲಗೆ ಬಾಗಿಲ ಕಡೆ ಜಾರುತ್ತಿದ್ದಾಗ, ಪುಸ್ತಕ ಅಚ್ಚು ಹಾಕಿದ ಕುಣಿಗಲ್ಲಿನ ಪ್ರೆಸ್ಸಿನ ಪುಟ್ಟರಂಗಯ್ಯ ಓಡಿ ಬಂದು, ವೇದಿಕೆಯ ಹಾರವನ್ನು ಅವರ ಕೊರಳಿಗೆ ಹಾಕಿಯೇಬಿಟ್ಟ. ಅವನ ಕಣ್ಣಲ್ಲೂ ನೀರಿತ್ತು.

"ಇಪ್ಪತ್ತು ವರ್ಷದಿಂದ ಎಲ್ರೂ ಬೈದವ್ರೆ ಸ್ವಾಮಿ, ಹೊಗಳ್ದೋರು ನೀವೊಬ್ರೇ. ಆ ಪುಸ್ತಕದಾಗೆ ಅದೊಂದು ಪುಟ ಪೂರ್ತಿ ನನ್ನ ಸ್ವಂತದ್ದು."